ಬಟ್ಟಲ ತಳದ ಬಿಳುಪು

ಮಿಷನ್ನಿನ ದಾರ ಪಟಕ್ಕನೆ ತುಂಡಾದಾಗಲೇ ಅಶ್ವಿನಿಗೆ ಹೊಳೆದದ್ದು, ಬಹಳ ಹೊತ್ತಿನಿಂದ ಯಾರೂ ತನ್ನನ್ನು ಕೂಗಿಲ್ಲ ಎಂದು. ಮೊನ್ನೆಯಿಂದ ಒಂದೇ ಸಮನೆ ಕೂಗು. ಹಿತ್ತಲಲ್ಲಿ ಬಿದ್ದಿದ್ದ ತೆಂಗಿನ ಗರಿ ಎಳೆಯಹೋಗಿ ಅತ್ತೆ ಸಾವಿತ್ರಮ್ಮ ಅರ್ಧ ಬಗ್ಗಿದವರು ಹಾಗೇ ನಿಂತುಬಿಟ್ಟಿದ್ದರು, ಸೊಂಟ ಹಿಡಿದುಕೊಂಡಿತ್ತು. ಆಗಿನಿಂದ ನಡುಮನೆಯ ಮಂಚವೇ ಅವರ ಲೋಕ. ಹೊರಳಿದರೆ ಬೆನ್ನಿನ ಸ್ನಾಯು ಗಂಟುಕಟ್ಟಿ ಸೆಳೆಯುತ್ತಿತ್ತು, ಸೆಳೆದರೆ ಅಶ್ವಿನೀ ಎನ್ನುತ್ತಿದ್ದರು. ದಿಂಬು ಮೇಲೆ, ದಿಂಬು ಕೆಳಗೆ, ಕಾಲಡಿಗೊಂದು ಬಟ್ಟೆ, ಫ್ಯಾನು ಹಾಕು, ಫ್ಯಾನು ಆರಿಸು. ಇವಳು ಮಿಷನ್ನಿನ ಮೇಲೆ ಕಾಲಿಟ್ಟಳೆಂದರೆ ಅವರಿಗೆ ಅದು ಹೇಗೋ ಗೊತ್ತಾಗುತ್ತಿತ್ತು. ಈಗ ಮಾತ್ರ ಮದುವಣಗಿತ್ತಿಯ ರವಿಕೆಯ ತೋಳಿಗೆ ಜರಿ ಅಂಚು ಕೂತಿದೆ, ಬೆನ್ನಿಗೆ ಲಾಡಿ ಕೂತಿದೆ, ಶಿವನಿ ಸ್ಟೇಷನ್ನಿಗೆ ಯಾವುದೋ ರೈಲು ಬಂದು ನಿಂತು ಹೊರಟೂ ಹೋಗಿದೆ, ಯಾರೂ ಕೂಗಿಲ್ಲ. ಅಷ್ಟು ಹೊತ್ತೂ ತಾನು ಹಾಡೊಂದನ್ನು ಗುನುಗುತ್ತಿದ್ದೆ ಎನ್ನುವುದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ದಾರ ಪೋಣಿಸದೆ ಎದ್ದಳು.

ಸಾವಿತ್ರಮ್ಮ ಅಂಗಾತ ಮಲಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಕೊರಳಿನ ದಾರಕ್ಕೆ ಕಟ್ಟಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ ಸೆರಗಿನಿಂದ ಹೊರಗೆ ಬಂದು ಎದೆಯ ಮೇಲೆ ಕೂತಿತ್ತು. ಅತ್ತೆ, ಎಂದಳು. ಇನ್ನೊಮ್ಮೆ ಸ್ವಲ್ಪ ಜೋರಾಗಿ ಎಂದಳು. ಭುಜ ಹಿಡಿದು ಅಲುಗಿಸಿದಾಗ ಬಾವಿಯೊಳಗಿಂದ ಬಂದ ಹಾಗೆ ಊಂ ಎಂಬ ಸದ್ದು ಬಂತು. ರೆಪ್ಪೆ ಒಂದು ಎಳೆಯಷ್ಟು ತೆರೆದು, ಬಿಳಿ ಕಾಣಿಸಿ, ಮತ್ತೆ ಮುಚ್ಚಿಕೊಂಡಿತು. ಕೈ ಮುಟ್ಟಿದಳು. ತಣ್ಣಗಿತ್ತು, ಒದ್ದೆಯಾಗಿತ್ತು. ಉಸಿರು ಇದೆಯೋ ಇಲ್ಲವೋ ನೋಡಲು ಮೂಗಿನ ಹತ್ತಿರ ಬೆರಳು ಒಡ್ಡುವ ಧೈರ್ಯವಾಗದೆ ಆ ಕರಡಿಗೆಯನ್ನೇ ನೋಡುತ್ತ ನಿಂತಳು. ಅದು ಏಳಲಿಲ್ಲ. ಏಳಲಿಲ್ಲ. ಆಮೇಲೆ, ಯಾರೋ ಬೇಸರದಿಂದ ಎತ್ತಿದ ಹಾಗೆ, ಸ್ವಲ್ಪ ಎದ್ದು ಇಳಿಯಿತು. ಏನು ಮಾಡಿಬಿಟ್ಟೆ ನಾನು ಎಂದು ಅವಳು ಬಾಯಿಬಿಟ್ಟೇ ಹೇಳಿಕೊಂಡಳು.

ಮಾಡಿದ್ದೇನು? ಲಿಂಗಪೂಜೆ ಆಗದೆ ಸಾವಿತ್ರಮ್ಮ ಬಾಯಿಗೆ ಹನಿ ನೀರು ಹಾಕುವವರಲ್ಲ. ಪೂಜೆಗೆ ಕೂರಬೇಕು, ಕೂರಲು ಸೊಂಟ ಬಿಡದು. ಮಲಗೇ ಮಾಡಿ ಅತ್ತೆ, ಶಿವ ಬೇಡ ಅಂತಾನಾ, ಎಂದರೆ, "ಮಲಕ್ಕೊಂಡು ಲಿಂಗ ಕೈಗೆ ತಗಂತಾರೇನೇ? ನಿಮ್ಮೂರು ಸಿಂಗಟಗೆರೇಲಿ ಹಂಗಾ?" ಎಂದು ಮುಖ ತಿರುಗಿಸಿದ್ದರು. ಊಟವಿಲ್ಲ, ದಿನಾ ತೆಗೆದುಕೊಳ್ಳುವ ಬಿಪಿ ಮಾತ್ರೆಯೂ ಇಲ್ಲ. ಗಂಟಲಲ್ಲಿ ಇಳಿಯುತ್ತಿದ್ದದ್ದು ಒಂದೇ, ಮಗ ಕಲ್ಲೇಶ್ ಮಠದಿಂದ ಸೋಮವಾರ ಸೋಮವಾರ ತರುವ ತೀರ್ಥ. ಅದಕ್ಕೆ ದೋಷವಿಲ್ಲ. ಹಾಗಾಗಿ ಇವತ್ತು ಬೆಳಿಗ್ಗೆ ಅವಳು ಬಿಪಿ ಮಾತ್ರೆಯನ್ನು ಕಾಗದದ ನಡುವೆ ಇಟ್ಟು ಲಟ್ಟಣಿಗೆಯಿಂದ ಒತ್ತಿದಳು. ಅದು ಪುಡಿಯಾಗುವಾಗಲೇ ಇನ್ನೊಂದು ಯೋಚನೆ ಬಂತು. ಹೋದ ವರ್ಷ ಹಳಿಯ ಕೆಲಸದಲ್ಲಿ ಕಲ್ಲೇಶನಿಗೂ ಹೀಗೇ ಬೆನ್ನು ಹಿಡಿದಾಗ ಕಡೂರಿನ ಡಾಕ್ಟರು ಬರೆದುಕೊಟ್ಟ ಮಾತ್ರೆ ಮಿಕ್ಕಿತ್ತು. ಬಿಸಾಡಲು ಮನಸ್ಸು ಬಾರದೆ ಹುಕ್ಕು ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟಿದ್ದಳು. ಅದೇ ಸೊಂಟ, ಅದೇ ನೋವು, ತಾಯಿ ಮಗ. ಎರಡೂ ಪುಡಿಯನ್ನು ಬೆಳ್ಳಿ ಬಟ್ಟಲಿಗೆ ಹಾಕಿ ಮೇಲೆ ತೀರ್ಥ ಬಿಟ್ಟು ಬೆರಳಿನಿಂದ ಕದಡಿದಳು. ತಳದಲ್ಲಿ ಬೆಳ್ಳಗೆ ಕೂತಿತು. ವಿಭೂತಿ ಅಂದುಕೊಳ್ಳಲಿ ಎಂದುಕೊಂಡಳು. ಚಿಕ್ಕವಳಿದ್ದಾಗ ಅಮ್ಮ ಜಂತುಹುಳದ ಮಾತ್ರೆಯನ್ನು ಬಾಳೆಹಣ್ಣಿನೊಳಗೆ ತುರುಕಿ ನುಂಗಿಸುತ್ತಿದ್ದಳು, ಗೊತ್ತಾದ ಮೇಲೆ ಎಲ್ಲರೂ ನಕ್ಕಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಷ್ಟೇ ತಾನೆ. ಸಾವಿತ್ರಮ್ಮ ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಕಣ್ಣಿಗೆ ಒತ್ತಿಕೊಂಡು ಕುಡಿದಿದ್ದರು.

ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. ಆದರೆ ಅದು ಕುಡಿದ ಮೇಲೂ ಕೂಗು ನಿಲ್ಲಲಿಲ್ಲ. ರವಿಕೆ ಕೊಡಬೇಕಾದ ಹೆಣ್ಣಿನ ತಾಯಿ ಫೋನು ಮಾಡಿ, ಸಂಜೆಗೆ ಆಗದಿದ್ರೆ ಹೇಳ್ಬಿಡಮ್ಮ, ತರೀಕೆರೆಲಿ ಹೊಲಿಸ್ಕಂತೀವಿ ಎಂದಳು. ಅದನ್ನು ಕೇಳಿಸಿಕೊಂಡ ಅತ್ತೆ ಮಂಚದಿಂದಲೇ, "ಡಿಗ್ರಿ ಓದಿ ಹುಕ್ಕು ಹೊಲಿಯೋದೂ ಹೊತ್ತಿಗೆ ಸರಿಯಾಗಿ ಆಗಲ್ವಲ್ಲೇ ನಿಂಗೆ" ಎಂದರು. ಫೋನಿನ ಆಚೆ ಇದ್ದವಳಿಗೂ ಅದು ಕೇಳಿಸಿರಬೇಕು. ಅಶ್ವಿನಿ ಒಳಗೆ ಹೋಗಿ ಡಬ್ಬಿಯಿಂದ ಇನ್ನೊಂದು ಮಾತ್ರೆ ತೆಗೆದು ಒಡೆದು, ಮತ್ತೆ ತೀರ್ಥದಲ್ಲಿ ಕುಡಿಸಿದಳು. ಆಗ ಅವಳ ಕೈ ನಡುಗಲಿಲ್ಲ ಎಂಬುದು ಈಗ ಅವಳನ್ನು ಹೆದರಿಸಿತು. ಕಡೂರಿನ ಡಾಕ್ಟರು ಕಲ್ಲೇಶನಿಗೆ ಹೇಳುವಾಗ ಅವಳೂ ಪಕ್ಕದಲ್ಲೇ ಕೂತಿದ್ದಳು: ರಾತ್ರಿ ಊಟ ಆದ ಮೇಲೆ ಒಂದೇ ಒಂದು, ತಗೊಂಡು ಗಾಡಿ ಮುಟ್ಟಬೇಡ, ಹಳಿ ಮೇಲಂತೂ ಹೋಗಲೇಬೇಡ, ನೋವು ಬಿಟ್ಟರೆ ನಿಲ್ಲಿಸು. ಆ ಒಂದೇ ಮಾತ್ರೆಗೆ ಕಲ್ಲೇಶ್ ಮಾರನೇ ದಿನ ಬಿಸಿಲು ಏರುವವರೆಗೆ ಎದ್ದಿರಲಿಲ್ಲ. ಹೆಣದ ಹಾಗೆ ಬಿದ್ದಿದ್ರಿ ಕಣ್ರೀ, ಎಂದು ಅವಳೇ ನಗಾಡಿದ್ದಳು. ಹಾಗಾದರೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದಲ್ಲ. ನೋವು ಹೋಗಲಿ ಎಂದು ಕೊಟ್ಟೆನೋ, ಬಾಯಿ ಮುಚ್ಚಲಿ ಎಂದು ಕೊಟ್ಟೆನೋ? ಈ ಪ್ರಶ್ನೆ ತಲೆಗೆ ಬಂದಕೂಡಲೇ ಅವಳು ಅದನ್ನು ಬಿಟ್ಟು ಫೋನು ಹುಡುಕತೊಡಗಿದಳು.

ನೂರಾ ಎಂಟಕ್ಕೆ ಮಾಡಿದಳು. ಆ ಕಡೆಯ ಹೆಣ್ಣು ದನಿ ಊರು ಕೇಳಿತು, ವಯಸ್ಸು ಕೇಳಿತು, ಉಸಿರಾಡ್ತಿದಾರಾ ಎಂದು ಕೇಳಿತು. ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟಳು. ಆಮೇಲೆ ಅದೇ ದನಿ, ಒಂದಿಷ್ಟೂ ಬದಲಾಗದೆ, "ಮೇಡಂ, ಯಾವುದಾದ್ರೂ ಮಾತ್ರೆ ತಗೊಂಡಿದಾರಾ?" ಎಂದಿತು. ಅಶ್ವಿನಿ ಫೋನು ಕಟ್ ಮಾಡಿಬಿಟ್ಟಳು. ತನ್ನ ಬೆರಳೇ ಮಾಡಿದ ಕೆಲಸವನ್ನು ನಂಬದೆ ಪರದೆಯನ್ನು ನೋಡುತ್ತಿರುವಾಗ ಅದು ಮತ್ತೆ ರಿಂಗಾಯಿತು, ಅವರೇ. ಎತ್ತಲಿಲ್ಲ. ಸ್ಟೇಷನ್ನಿನ ಮುಂದೆ ಆಟೋ ನಿಲ್ಲಿಸಿಕೊಂಡಿರುವ ತಿಪ್ಪೇಶನಿಗೆ ಮಾಡಿ ಬೇಗ ಬಾರಪ್ಪ ಎಂದಳು, ಆಮೇಲೆ ಗಂಡನಿಗೆ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿರುವ ಕಲ್ಲೇಶ್ ಆಗ ಹಳಿಯ ಮೇಲೇ ಇದ್ದ, ಕಲ್ಲಿಗೆ ಗುದ್ದಲಿ ಬೀಳುವ ಸದ್ದು ಹಿಂದೆ ಕೇಳುತ್ತಿತ್ತು. ಅವ್ವ ಏಳ್ತಿಲ್ಲ ಕಣ್ರೀ, ಎಂದಳು. "ಏಳ್ತಿಲ್ಲ ಅಂದ್ರೆ? ಏನಾದ್ರೂ ತಿಂದಿದ್ರಾ?" ಎಂದ. ಏನೂ ತಿಂದಿಲ್ಲ, ಎಂದಳು. ಅದು ಸುಳ್ಳಲ್ಲ. ಅಜ್ಜಂಪುರದ ಆಸ್ಪತ್ರೆಗೆ ಕರ್ಕಂಬಾ, ನಾನು ಹಿಂಗಿಂದಿಂಗೇ ಬತ್ತೀನಿ, ಎಂದು ಅವನು ಇಟ್ಟ.

ತಿಪ್ಪೇಶ ಬರುವುದರೊಳಗೆ ಅವಳು ಮಾಡಿದ್ದು ಅತ್ತೆಯ ಸೀರೆ ಸರಿಪಡಿಸುವುದನ್ನಲ್ಲ, ಕಾಲು ತಿಕ್ಕಿ ಬಿಸಿ ಮಾಡುವುದನ್ನೂ ಅಲ್ಲ. ಬಟ್ಟಲು ತೊಳೆದಳು. ತಳದಲ್ಲಿ ಸುತ್ತಲೂ ಒಣಗಿ ಅಂಟಿದ್ದ ಬಿಳುಪನ್ನು ಉಗುರಿನಿಂದ ಕೆರೆದು, ಸಬೀನ ಹಾಕಿ ಉಜ್ಜಿ, ಒರೆಸಿ, ಪೂಜೆಯ ಜಗುಲಿಯ ಮೇಲೆ ಇಟ್ಟಳು. ಅದು ಹಿಂದೆಂದೂ ಅಷ್ಟು ಹೊಳೆದಿರಲಿಲ್ಲ. ಈ ಹೊಳಪೇ ನನ್ನನ್ನು ಹಿಡಿದುಕೊಡುತ್ತದೆ ಎನಿಸಿ ಮತ್ತೆ ಅದಕ್ಕೊಂದಿಷ್ಟು ವಿಭೂತಿ ಸವರಿದಳು. ಮಾತ್ರೆಯ ಪಟ್ಟಿಯನ್ನು ಒಲೆಗೆ ಹಾಕಬೇಕೆಂದುಕೊಂಡು, ಗ್ಯಾಸ್ ಒಲೆಯಲ್ಲಿ ಅದನ್ನು ಸುಡುವುದು ಹೇಗೆಂದು ತಿಳಿಯದೆ, ಪರ್ಸಿನಲ್ಲಿ ಹಾಕಿಕೊಂಡಳು. ತೀರ್ಥದ ಬಾಟಲಿಯನ್ನೂ ಬಿಟ್ಟು ಹೋಗಲು ಹೆದರಿಕೆಯಾಯಿತು. ಅದನ್ನು ಟವೆಲಿನಲ್ಲಿ ಸುತ್ತಿ ಬುಟ್ಟಿಗೆ ಹಾಕಿದಳು. ಕಳ್ಳರಿಗೆ ಇಷ್ಟೆಲ್ಲ ಯಾರು ಹೇಳಿಕೊಡುತ್ತಾರೆ ಎಂದು ಅವಳಿಗೆ ಯಾವಾಗಲೂ ಆಶ್ಚರ್ಯವಿತ್ತು. ಯಾರೂ ಹೇಳಿಕೊಡಬೇಕಾಗಿಲ್ಲ.

ಆಟೋದಲ್ಲಿ ಸಾವಿತ್ರಮ್ಮನ ತಲೆ ಅವಳ ತೊಡೆಯ ಮೇಲಿತ್ತು. ಮದುವೆಯಾಗಿ ಬಂದ ಮೇಲೆ ಈ ತಲೆಯನ್ನು ಇಷ್ಟು ಹತ್ತಿರದಿಂದ ಅವಳು ನೋಡಿರಲಿಲ್ಲ. ಬೈತಲೆಯಲ್ಲಿ ಕೂದಲು ಉದುರಿ ಚರ್ಮ ಮಗುವಿನದರಂತೆ ಕಾಣುತ್ತಿತ್ತು, ಕೊಬ್ಬರಿ ಎಣ್ಣೆಯ ವಾಸನೆ. ರಸ್ತೆಯ ಎರಡೂ ಬದಿ ಈರುಳ್ಳಿ ಕಿತ್ತು ರಾಶಿ ಹಾಕಿದ್ದರು. ಹೆಂಗಸರು ಕೂತು ಬಾಲ ಕೊಯ್ಯುತ್ತ, ಆಟೋ ಹೋಗುವುದನ್ನು ಕತ್ತೆತ್ತಿ ನೋಡಿದರು. ಅವರಿಗೆಲ್ಲ ಗೊತ್ತಿದೆ ಎನಿಸಿತು. ಅವಳು ಮುಖ ತಗ್ಗಿಸಿ ಕರಡಿಗೆಯನ್ನು ನೋಡುತ್ತ ಕೂತಳು. ಏಳುತ್ತಿದೆ. ಗುಂಡಿಗೆ ಬಿದ್ದಾಗ ಆಟೋ ಕುಲುಕಿದ್ದಕ್ಕೆ ಎದ್ದಿತೋ, ಉಸಿರಿಗೆ ಎದ್ದಿತೋ? ತಿಪ್ಪೇಶ, ನಿಧಾನ ಹೋಗಪ್ಪ, ಎನ್ನುತ್ತಿದ್ದಳು. ಮರುಕ್ಷಣ, ಸ್ವಲ್ಪ ಬೇಗ ಹೋಗೋ, ಎನ್ನುತ್ತಿದ್ದಳು. ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ಬರುತ್ತಿತ್ತು, ಮುಗಿಯುವ ಲಕ್ಷಣವಿಲ್ಲದೆ ಬರುತ್ತಲೇ ಇತ್ತು. ತಿಪ್ಪೇಶ ಹಿಂದಕ್ಕೆ ತಿರುಗಿ ನೋಡಿ, "ಲಕ್ವ ಹೊಡ್ದಿರ್ಬೇಕು ಕಣಕ್ಕ. ನಮ್ಮ ಮಾವ ದೇವೀರಪ್ಪಂಗೂ ಹಿಂಗೇ, ಮಲಗಿದ್ದೋರು ಏಳ್ಳೇ ಇಲ್ಲ. ಬಾಯಿಗೊಂದ್ ಹನಿ ನೀರು ಬಿಡಿ, ತೀರ್ಥ ಐತಲ್ಲ ಬುಟ್ಟೀಲಿ" ಎಂದ. ಟವೆಲು ಸರಿದು ಬಾಟಲಿಯ ಕತ್ತು ಕಾಣುತ್ತಿತ್ತು. ಬೇಡ, ಎಂದಳು ಅಶ್ವಿನಿ, ಎಷ್ಟು ಜೋರಾಗಿ ಎಂದರೆ ಅವನು ಮುಂದಕ್ಕೆ ತಿರುಗಿಕೊಂಡ.

ಲಕ್ವ. ಆ ಪದ ಅವಳೊಳಗೆ ಸಿಹಿಯಾಗಿ ಇಳಿಯಿತು. ಲಕ್ವ ಯಾರೂ ಮಾಡಿದ್ದಲ್ಲ. ಲಕ್ವ ಹೊಡೆದರೆ ನೆಂಟರು ಬರುತ್ತಾರೆ, ಸೊಸೆ ಪಾಪ ಎಷ್ಟು ಮಾಡುತ್ತಾಳೆ ಎನ್ನುತ್ತಾರೆ. ಒಂದು ಕೈ, ಒಂದು ಕಾಲು ಹೋದರೂ ಅವಳು ಜೀವಮಾನವೆಲ್ಲ ಬಾಚಿ, ತೊಳೆದು, ತಿನ್ನಿಸಿ ನೋಡಿಕೊಳ್ಳುತ್ತಾಳೆ, ಮಿಷನ್ನು ಮಾರಿಬಿಡುತ್ತಾಳೆ. ಶಿವನೇ, ಇದು ಲಕ್ವವಾಗಿರಲಿ, ಎಂದು ಕಣ್ಣು ಮುಚ್ಚಿ ಬೇಡಿಕೊಂಡಳು. ಬೇಡಿಕೊಂಡ ಮೇಲೆ ತೊಡೆಯ ಮೇಲಿನ ಆ ಬೆಚ್ಚಗಿನ ತಲೆಯ ಭಾರ ತಿಳಿದು, ತಾನು ಕೇಳಿದ್ದೇನು ಎಂದು ಅರ್ಥವಾಯಿತು. ಇಂಥವಳಾ ನಾನು? ಗೂಡ್ಸಿನ ಕೊನೆಯ ಡಬ್ಬಿ ಹೋಯಿತು, ಗೇಟು ಎತ್ತಿದರು.

ಕಲ್ಲೇಶ್ ಆಗಲೇ ಆಸ್ಪತ್ರೆಯ ಬಾಗಿಲಲ್ಲಿದ್ದ. ಕಿತ್ತಳೆ ಬಣ್ಣದ ಜಾಕೀಟನ್ನೂ ಬಿಚ್ಚಿರಲಿಲ್ಲ. ತಾಯಿಯನ್ನು ಅವನೇ ಎತ್ತಿಕೊಂಡು ಒಳಗೆ ಮಲಗಿಸಿದ. ನರ್ಸು ಬಿಪಿ ನೋಡಿ, ಇನ್ನೊಮ್ಮೆ ನೋಡಿ, ಡಾಕ್ಟರನ್ನು ಕರೆದಳು. ಶರ್ಮಿಳಾ ಎಂಬ ಆ ಡಾಕ್ಟರು ಅಶ್ವಿನಿಗಿಂತ ದೊಡ್ಡವರಿರಲಾರರು. ರೆಪ್ಪೆ ಬಿಡಿಸಿ ಟಾರ್ಚು ಬಿಟ್ಟರು, ಕೈಕಾಲು ಎತ್ತಿ ಬಿಟ್ಟರು, ಕರಡಿಗೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಎದೆ ಕೇಳಿದರು. "ಬಿಪಿ ತುಂಬಾ ಇಳಿದಿದೆ. ಏನು ಕೊಟ್ಟಿದ್ರಿ?" ಎಂದರು. ಅಶ್ವಿನಿ ಬಾಯಿ ತೆರೆಯುವ ಮೊದಲೇ ಕಲ್ಲೇಶ್, "ಏನೂ ಇಲ್ಲ ಮೇಡಂ. ನಮ್ಮವ್ವ ಪೂಜೆ ಆಗ್ದೆ ಏನೂ ಮುಟ್ಟಲ್ಲ. ಬಿಪಿ ಮಾತ್ರೆನೂ ಬಿಟ್ಟವ್ರೆ. ಮಠದ ತೀರ್ಥ ಒಂದೇ" ಎಂದ. ಅವನ ದನಿಯಲ್ಲಿ ಹೆದರಿಕೆಯ ಜೊತೆ ಸ್ವಲ್ಪ ಹೆಮ್ಮೆಯೂ ಇತ್ತು. ಡಾಕ್ಟರು ಒಂದು ನಿಮಿಷ ಯೋಚಿಸಿದರು. ಹಾಗಾದ್ರೆ ತಲೆಗೆ ಸಂಬಂಧಪಟ್ಟದ್ದೇ ಇರಬಹುದು, ಸ್ಕ್ಯಾನಿಗೆ ಶಿವಮೊಗ್ಗಕ್ಕೆ ಕಳಿಸೋಣ, ಆಂಬುಲೆನ್ಸಿಗೆ ಹೇಳಿ, ಎಂದು ನರ್ಸಿಗೆ ಹೇಳಿದರು.

ಅಲ್ಲಿಗೆ ಅವಳು ಬೇಡಿಕೊಂಡಿದ್ದು ಸಿಕ್ಕಿಬಿಟ್ಟಿತ್ತು. ಸುಮ್ಮನಿದ್ದರೆ ಸಾಕು. ಯಾರೂ ಅವಳನ್ನು ನೋಡುತ್ತಿರಲಿಲ್ಲ. ಕಲ್ಲೇಶ್ ಜೇಬು ತಡಕುತ್ತಿದ್ದ, ನರ್ಸು ಫೋನಿನಲ್ಲಿದ್ದಳು, ಡಾಕ್ಟರು ಬರೆಯುತ್ತಿದ್ದರು. ಅಶ್ವಿನಿಯ ಕಣ್ಣು ಮಂಚದ ಕಡೆ ಹೋಯಿತು. ಪಕ್ಕಕ್ಕೆ ಸರಿಸಿದ್ದ ಕರಡಿಗೆ ಕಂಕುಳ ಸಂದಿಯಲ್ಲಿ ಬಿದ್ದಿತ್ತು. ಅದು ಈಗ ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ಉಸಿರಿದೆಯೇ ಎಂದು ನೋಡಿಕೊಳ್ಳಲು ಅವಳಿಗೆ ಏನೂ ಉಳಿದಿರಲಿಲ್ಲ. ಪರ್ಸು ತೆರೆದು ಪಟ್ಟಿಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟಳು. "ಇದು ಕೊಟ್ಟಿದ್ದೆ, ಸೊಂಟ ನೋವಿಗೆ. ಇವರಿಗೆ ಬರ್ಕೊಟ್ಟಿದ್ದು. ತೀರ್ಥದಲ್ಲಿ ಹಾಕಿ. ಬೆಳಿಗ್ಗೆ ಒಂದು, ಆಮೇಲೆ ಇನ್ನೊಂದು. ಬಿಪಿ ಮಾತ್ರೆನೂ ಅದರಲ್ಲೇ ಇತ್ತು" ಎಂದಳು. ತನ್ನ ದನಿ ಅಂಗಡಿಯಲ್ಲಿ ಸಾಮಾನು ಹೇಳುವ ಹಾಗೆ ಬಂದದ್ದು ಕೇಳಿ ಅವಳಿಗೇ ವಿಚಿತ್ರವೆನಿಸಿತು.

ಡಾಕ್ಟರು ಪಟ್ಟಿ ತಿರುಗಿಸಿ ಓದಿದರು. ಆಂಬುಲೆನ್ಸ್ ರೆಡಿ ಇರಲಿ, ಈಗಲೇ ಹೊರಡೋದು ಬೇಡ, ಎಂದು ನರ್ಸಿಗೆ ಹೇಳಿ ಡ್ರಿಪ್ ಹಾಕಿಸಿದರು, ಮಂಚದ ಕಾಲಿನ ಕಡೆ ಎತ್ತರ ಮಾಡಿಸಿದರು, ಪೂರ್ತಿ ಎಚ್ಚರ ಆಗುವವರೆಗೆ ಬಾಯಿಗೆ ಹನಿಯನ್ನೂ ಹಾಕಕೂಡದು ಎಂದರು. ಆಮೇಲೆಯೇ ಅಶ್ವಿನಿಯ ಕಡೆ ತಿರುಗಿದ್ದು. "ಇದು ನೋವಿನ ಮಾತ್ರೆ ಅಂದ್ಕೊಂಡ್ರಾ? ಬಿಗಿದಿರೋ ಸ್ನಾಯು ಸಡಿಲ ಮಾಡೋ ಮಾತ್ರೆ. ಹಂಗೇ ನಿದ್ದೆನೂ ಬರ್ಸುತ್ತೆ, ಬಿಪಿನೂ ಇಳ್ಸುತ್ತೆ. ನಿಮ್ಮೆಜಮಾನ್ರ ಮೈಗೆ ತಡೆದಿದ್ದು ಇವರ ವಯಸ್ಸಿಗೆ ತಡೆಯಲ್ಲ. ಖಾಲಿ ಹೊಟ್ಟೆ, ಮೇಲೆ ಬಿಪಿ ಮಾತ್ರೆ, ಅದ್ರ ಮೇಲೆ ಇನ್ನೊಂದು. ಒಬ್ರಿಗೆ ಬರ್ಕೊಟ್ಟಿದ್ದನ್ನ ಇನ್ನೊಬ್ರಿಗೆ ಕೊಡ್ತಾರೇನ್ರೀ? ಕೇಳಕ್ಕೆ ಒಂದು ಫೋನು ಮಾಡಿದ್ರೆ ಆಗ್ತಿತ್ತು." ಬೈದದ್ದಲ್ಲ, ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಹೊರಟವರು ಬಾಗಿಲಲ್ಲಿ ನಿಂತು, "ಹೇಳಿದ್ದು ಒಳ್ಳೇದಾಯ್ತು" ಎಂದೂ ಹೇಳಿದರು. ಕಲ್ಲೇಶ್ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಖಾಲಿಯಾದ ಗುಳಿಗಳ ಮೇಲೆ ಹೆಬ್ಬೆರಳು ಆಡಿಸುತ್ತ ನಿಂತಿದ್ದ. ಕೈ ಎತ್ತುವ ಗಂಡಸಲ್ಲ ಅವನು. "ನಂಗೆ ಇದ ತಗಂಡಾಗ ಹೆಂಗಾಗಿತ್ತು ಅಂತ ನೀನು ನೋಡಿದ್ಯಲ್ಲೇ" ಎಂದಷ್ಟೇ ಹೇಳಿದ. ಅವನು ಹೋಗಿ ವರಾಂಡದ ಆಚೆ ತುದಿಯ ಬೆಂಚಿನಲ್ಲಿ ಕೂತ.

ಎಷ್ಟು ಹೊತ್ತಾಯಿತೋ. ಡ್ರಿಪ್ಪಿನ ಬಾಟಲಿಯ ಹನಿ ಬೀಳುವುದನ್ನು ನೋಡುತ್ತ ಕೂತಿದ್ದಳು. ನರ್ಸು ಆಗಾಗ ಬಂದು ತೋಳಿಗೆ ಬಿಪಿ ಪಟ್ಟಿ ಸುತ್ತಿ, ಗಾಳಿ ತುಂಬಿ, ಏನೂ ಹೇಳದೆ ಹೋಗುತ್ತಿದ್ದಳು. ಕೊನೆಗೊಮ್ಮೆ, ಏರ್ತಿದೆ, ಎಂದಳು. ಅಶ್ವಿನಿ ಗೋಡೆಗೆ ಮುಖ ಮಾಡಿ ಅತ್ತಳು. ರವಿಕೆಯವಳು ಮತ್ತೆ ಮತ್ತೆ ಫೋನು ಮಾಡುತ್ತಿದ್ದಳು, ಅದು ಬುಟ್ಟಿಯೊಳಗೆ ಗುರುಗುಟ್ಟುತ್ತಿತ್ತು. ಕಿಟಕಿಯ ಬಿಸಿಲು ಮಂಚದಿಂದ ಇಳಿದು ನೆಲಕ್ಕೆ ಬಂದಾಗ ಸಾವಿತ್ರಮ್ಮ ಕಣ್ಣು ಬಿಟ್ಟರು. ಸೂರು ನೋಡಿದರು, ಸೂಜಿ ಚುಚ್ಚಿದ ಕೈ ನೋಡಿದರು, ಇನ್ನೊಂದು ಕೈಯಿಂದ ಎದೆ ಸವರಿ ಕರಡಿಗೆ ಹುಡುಕಿ ನೆಟ್ಟಗೆ ಮಾಡಿಕೊಂಡರು. ಕಲ್ಲೇಶ್ ಓಡಿ ಬಂದು ಅವ್ವಾ ಎಂದ. ಡಾಕ್ಟರು ಬಂದು ಹೆಸರು ಕೇಳಿ, ಊರು ಕೇಳಿ, ಇನ್ನು ಸ್ವಲ್ಪ ಸ್ವಲ್ಪ ನೀರು ಕೊಡಿ, ಏಳಿಸಬೇಡಿ, ಎದ್ದರೆ ತಲೆ ತಿರುಗಿ ಬೀಳ್ತಾರೆ, ರಾತ್ರಿ ಇಲ್ಲೇ ಇರಲಿ, ಸೊಂಟಕ್ಕೆ ಏನು ಕೊಡಬೇಕೋ ನಾಳೆ ನಾನು ಹೇಳ್ತೀನಿ ಎಂದರು. ಕಲ್ಲೇಶ್ ಲೋಟದಲ್ಲಿ ನೀರು ತಂದ. ಸಾವಿತ್ರಮ್ಮ ತುಟಿ ಬಿಗಿದುಕೊಂಡರು. ಪೂಜೆ ಆಗಿಲ್ಲ, ಎಂದರು.

"ತೀರ್ಥ ತಂದಿದೀಯೇನೇ?" ಎಂದರು ಆಮೇಲೆ, ಸೊಸೆಯನ್ನು ನೋಡಿ. ಅಶ್ವಿನಿ ಬುಟ್ಟಿಯಿಂದ ಬಾಟಲಿ ತೆಗೆಯಲು ಬಗ್ಗಿದಾಗ ಕಲ್ಲೇಶ್, ಕೊಡಿ ಇಲ್ಲಿ, ನಾನು ಕುಡಿಸ್ತೀನಿ, ಎಂದು ಕೈ ಚಾಚಿದ. ಅವನು ಅವಳನ್ನು ಎಂದೂ ಬಹುವಚನದಲ್ಲಿ ಮಾತಾಡಿಸಿದವನಲ್ಲ. "ಅವಳೇ ಕೊಡ್ಲಿ. ನೀನು ಹೋಗಿ ಏನಾರ ಹೊಟ್ಟೆಗೆ ಹಾಕ್ಕಂಬಾ ಹೋಗು" ಎಂದರು ಸಾವಿತ್ರಮ್ಮ. ಅವನು ಅಲ್ಲೇ ನಿಂತಿದ್ದ. ಹೋಗೋ ಕಲ್ಲೇಶಿ, ಎಂದ ಮೇಲೆ ಬಾಗಿಲವರೆಗೆ ಹೋದ.

ಸಾವಿತ್ರಮ್ಮ ದನಿ ತಗ್ಗಿಸಿದರು. "ಎರಡನೇ ಸಲದ್ದು ಬಾಳ ಕಹಿ ಇತ್ತು ಕಣೇ."

"ಗೊತ್ತಾಗಿತ್ತಾ ಅತ್ತೆ? ಮತ್ತೆ ಯಾಕೆ ಕುಡಿದ್ರಿ?"

"ತೀರ್ಥ ಉಗುಳ್ತಾರೇನೇ?" ಎಂದರು. ಮಗುವಿಗೆ ಹೇಳುವ ಹಾಗೆ ಹೇಳಿದರು. ಆಮೇಲೆ ಸೂರಿನ ಕಡೆ ನೋಡುತ್ತ, "ಬಾಳ ಕೂಗ್ತಿದ್ನೇನೋ ನಾನು. ನಿಂಗೆ ಮಿಷನ್ ತುಳಿಯಕ್ಕೇ ಬಿಡ್ಲಿಲ್ಲ" ಎಂದರು. ಅದು ಕ್ಷಮೆಯೋ, ತೀರ್ಪೋ ಅವಳಿಗೆ ತಿಳಿಯಲಿಲ್ಲ. ಇಲ್ಲ ಅತ್ತೆ, ಹಂಗಲ್ಲ, ಎಂದು ಶುರು ಮಾಡಿದಳು. ಅಷ್ಟಕ್ಕೇ ನಿಲ್ಲಿಸಿ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು, ಮುಚ್ಚಳದ ತುಂಬ ತೀರ್ಥ ಬಗ್ಗಿಸಿ ಅವರ ಬಾಯಿಯ ಹತ್ತಿರ ಒಯ್ದಳು. ಸಾವಿತ್ರಮ್ಮ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಹಿಡಿತದಲ್ಲಿ ಬಲವಿರಲಿಲ್ಲ.

"ಮೊದ್ಲು ನೀನು ತಗೋ" ಎಂದರು.

ಕಲ್ಲೇಶ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಬಾಟಲಿಯಲ್ಲಿ ಏನೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಪುಡಿ ಹಾಕಿದ್ದು ಬಟ್ಟಲಿಗೆ, ಬಾಟಲಿಗಲ್ಲ. ಬಟ್ಟಲಿಗೇ ತಾನೆ? ಎರಡನೇ ಸಲ ಅವಸರದಲ್ಲಿ, ಸಿಟ್ಟಿನಲ್ಲಿ, ಯಾವುದಕ್ಕೆ ಹಾಕಿದೆ? ಬೆಳಗಿನ ತನ್ನ ಕೈಗಳನ್ನು ನೆನಪಿಸಿಕೊಳ್ಳಲು ನೋಡಿದಳು. ಅವು ಬೇರೆ ಯಾರದೋ ಕೈಗಳಂತೆ ಕಂಡವು. ಮುಚ್ಚಳ ಎತ್ತಿ ಬಾಯಿಗೆ ಹಾಕಿಕೊಂಡಳು. ಕರ್ಪೂರದ ವಾಸನೆ ಬಂತು. ಕಹಿಯೇನೂ ಇರಲಿಲ್ಲ, ಇದ್ದರೂ ತನಗೆ ತಿಳಿಯುತ್ತಿರಲಿಲ್ಲವೇನೋ. ಉಗುಳುವಂತಿರಲಿಲ್ಲ. ಸಾವಿತ್ರಮ್ಮ ಸೂಜಿಯಿಲ್ಲದ ಕೈಯನ್ನು ಗುಳಿ ಮಾಡಿ ತೀರ್ಥಕ್ಕೆ ಒಡ್ಡಿಕೊಂಡು ಕಾಯುತ್ತಿದ್ದರು.

"ನುಂಗಿದ್ಯೇನೇ?" ಎಂದರು.

ಅಶ್ವಿನಿ ಹೌದೆಂದು ತಲೆಯಾಡಿಸಿದಳು. ತೀರ್ಥ ಇನ್ನೂ ಅವಳ ಬಾಯಲ್ಲೇ ಇತ್ತು.